ದೊಡ್ಡಮ್ಮನ ಕಾರ್ಡ್‌ಲೆಸ್ ಫೋನ್ ಬಿಸಾಡುವ ಮೊದಲು

ಹೋದ ಮಳೆಗಾಲದಲ್ಲಿ ಪೆರ್ಲದ ಒಳಗಿರುವ ದೊಡ್ಡಮ್ಮನ ಮನೆಗೆ ನಾವು ಅಣ್ಣ-ತಮ್ಮ ಎರಡು ದಿನ ಫೋನ್ ಮಾಡಿದೆವು. ರಿಂಗ್ ಆಗ್ತದೆ, ಎತ್ತುವವರಿಲ್ಲ. ದೊಡ್ಡಮ್ಮನಿಗೆ ಎಪ್ಪತ್ತೆಂಟು. ಒಬ್ಬ ಮಗ ಬೆಂಗಳೂರಲ್ಲಿ, ಇನ್ನೊಬ್ಬ ದುಬೈಯಲ್ಲಿ. ಹತ್ತಿರದ ಮನೆ ಅಂದರೆ ತೋಟ ಇಳಿದು ತೋಡು ದಾಟಿ ಹೋಗಬೇಕು. ಮೂರನೇ ದಿನ ತಡೆಯಲಾಗದೆ ಅರ್ಧ ದಿನ ರಜೆ ಹಾಕಿ ಬಸ್ ಹತ್ತಿದೆವು. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ. ಹೋಗಿ ನೋಡಿದರೆ ಅವರು ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದಾರೆ.

"ಎಂತದು ಮಕ್ಕಳೇ, ಹೇಳದೆ ಕೇಳದೆ?"

"ಫೋನ್ ಎತ್ತಲಿಲ್ಲವಲ್ಲ ನೀವು!"

"ಅದು ಸತ್ತು ಒಂದು ವಾರ ಆಯ್ತು."

ಪಕ್ಕದ ಮನೆಯವರು ಪಾಪ ಅದನ್ನು ಪೇಟೆಯ ಅಂಗಡಿಗೂ ಕೊಂಡುಹೋಗಿದ್ದರಂತೆ. ಅಂಗಡಿಯವರು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಈ ಮಾಡೆಲ್ ಮುಗಿದಿದೆ, ಪಾರ್ಟ್ಸ್ ಸಿಗುವುದಿಲ್ಲ, ಹೊಸದು ತಕ್ಕೊಳ್ಳಿ" ಅಂದರಂತೆ. ಮುಚ್ಚಳ ಕೂಡ ತೆಗೆದಿರಲಿಲ್ಲ. ನಾವು ತೆಗೆದೆವು. ಒಳಗೆ ಎರಡು ಸಣ್ಣ ಸೆಲ್, ಒಂದರ ತುದಿಯಲ್ಲಿ ಬಿಳಿ ಹುಡಿ ಕಟ್ಟಿತ್ತು. ಅಷ್ಟೇ ಕಾಯಿಲೆ. ಲೈನ್ ಸರಿ ಇತ್ತು, ಬೇಸ್ ಸರಿ ಇತ್ತು, ಹಾಗಾಗಿ ನಮಗೆ ರಿಂಗ್ ಕೇಳುತ್ತಿತ್ತು. ಹ್ಯಾಂಡ್‌ಸೆಟ್‌ಗೆ ಜೀವ ಇಲ್ಲದ್ದರಿಂದ ಅವರಿಗೆ ಕೇಳುತ್ತಿರಲಿಲ್ಲ. 250 ರೂಪಾಯಿಯ ಒಳಗೆ ಹೊಸ ಸೆಲ್ ಬಂತು. ರಾತ್ರಿಯಿಡೀ ಸ್ಟ್ಯಾಂಡ್‌ನಲ್ಲಿ ಇಟ್ಟೆವು, ಬೆಳಿಗ್ಗೆ ದುಬೈಯಿಂದ ಫೋನ್ ಬಂತು.

"ಈ ಕಾಲದಲ್ಲಿ ಲ್ಯಾಂಡ್‌ಲೈನ್ ಯಾಕೆ, ಒಂದು ಸ್ಮಾರ್ಟ್‌ಫೋನ್ ಕೊಡಿಸಿ" ಅಂತ ಹೇಳುವವರಿದ್ದಾರೆ. ಕೊಡಿಸಿದ್ದೆವು ಮಾರಾಯ್ರೆ. ಗುಡ್ಡದ ಬುಡದ ಮನೆಯಲ್ಲಿ ಸಿಗ್ನಲ್ ಬೇಕಾದರೆ ಹಟ್ಟಿಯ ಹಿಂದೆ ಹೋಗಿ ನಿಲ್ಲಬೇಕು. ಅಡಿಕೆ ಚೊಗರು ಹಿಡಿದ, ಗಂಟು ನೋವಿನ ಬೆರಳಿಗೆ ಗಾಜಿನ ಪರದೆ ಕೇಳುವುದಿಲ್ಲ. ದೊಡ್ಡ ದೊಡ್ಡ ಗುಂಡಿಯ ಕಾರ್ಡ್‌ಲೆಸ್ ಆದರೆ ಸೆರಗಿಗೆ ಸಿಕ್ಕಿಸಿಕೊಂಡು ಅಡುಗೆಮನೆ, ಬಚ್ಚಲು, ಜಗಲಿ ಎಲ್ಲ ಕಡೆ ತಿರುಗ್ತಾರೆ. ಬಿದ್ದರೂ ಬಿದ್ದಲ್ಲಿಂದ ಒಂದು ಗುಂಡಿ ಒತ್ತಬಹುದು. ನಮ್ಮ ಗಡಿ ಊರುಗಳಲ್ಲಿ ಮಕ್ಕಳೆಲ್ಲ ಹೊರಗೆ ಹೋಗಿ ಹಿರಿಯರು ಮಾತ್ರ ಉಳಿದ ಮನೆಗಳು ಎಷ್ಟಿಲ್ಲ? ಅಂಥ ಮನೆಯಲ್ಲಿ ಈ ಫೋನ್ ಅಲಂಕಾರದ ಸಾಮಾನು ಅಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು: ಕಾರ್ಡ್‌ಲೆಸ್ ಕೆಟ್ಟಿತು ಅಂದರೆ ಮೊದಲು ಮನೆಯ ಹುಡುಗ ಹುಡುಗಿಯರು ಒಂದು ಗಂಟೆ ಕೂತು ನೋಡಬೇಕು. ಅಂಗಡಿ, ಹೊಸ ಫೋನ್ ಎಲ್ಲ ಆಮೇಲೆ. ಇದಕ್ಕೆ ಎಂಜಿನಿಯರಿಂಗ್ ಬೇಡ. ನಾವು ಬಿ.ಕಾಂ. ಓದಿದವರು, ಒಬ್ಬ ಬ್ಯಾಂಕ್ ಕೌಂಟರಿನಲ್ಲಿ ಕೂರುವವ, ಇನ್ನೊಬ್ಬ ಅಂಗಡಿಗಳ ಲೆಕ್ಕ ಬರೆಯುವವ. ನಮಗೆ ಕಲಿಸಿದ ಸವಕಳಿ ಲೆಕ್ಕದಲ್ಲಿ ಇಂಥ ಹಳೇ ಸಾಮಾನನ್ನು ಪುಸ್ತಕದಲ್ಲಿ 1 ರೂಪಾಯಿಗೆ ಇಳಿಸಿ ಬಿಡುವುದುಂಟು. ಪುಸ್ತಕದಲ್ಲಿ ಒಂದು ರೂಪಾಯಿ ಆದದ್ದು ಮನೆಯಲ್ಲಿ ಎಷ್ಟು ಬೆಲೆ ಬಾಳ್ತದೆ ಅಂತ ಆ ಬಸ್ಸಿನಲ್ಲಿ ಕೂತ ದಿನ ಗೊತ್ತಾಯ್ತು.

ಮೊದಲು ಸೆಲ್ ವಿಷಯ, ಯಾಕೆಂದರೆ ನಾವು ನೋಡಿದ್ದರಲ್ಲಿ ಹೆಚ್ಚಿನ "ಸತ್ತ" ಫೋನ್‌ಗಳ ಕಥೆ ಇಲ್ಲಿಗೇ ಮುಗಿಯುತ್ತದೆ. ಈಗಿನ ಹ್ಯಾಂಡ್‌ಸೆಟ್‌ಗಳಲ್ಲಿ ಸಾಮಾನ್ಯವಾಗಿ ಎರಡು ಟ್ರಿಪಲ್ ಎ ಸೈಜಿನ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಇರ್ತದೆ, ಒಂದೊಂದು 1.2 ವೋಲ್ಟ್. ಹಳೆಯವುಗಳಲ್ಲಿ ಮೂರು ಸೆಲ್ ಸೇರಿಸಿ ಪ್ಲಾಸ್ಟಿಕ್ ಸುತ್ತಿ ವಯರ್ ಬಿಟ್ಟ 3.6 ವೋಲ್ಟಿನ ಪ್ಯಾಕ್. ಕೆಲವು ವರ್ಷ ದಿನಾ ಚಾರ್ಜ್ ಆದ ಮೇಲೆ ಇವು ಹಿಡಿದಿಟ್ಟುಕೊಳ್ಳುವುದು ಕಡಿಮೆ ಆಗ್ತದೆ. ಲಕ್ಷಣ ಹೀಗೆ: ಸ್ಟ್ಯಾಂಡ್‌ನಲ್ಲಿ ಇದ್ದಾಗ ಫುಲ್ ಅಂತ ತೋರಿಸ್ತದೆ, ಎತ್ತಿ ಎರಡು ನಿಮಿಷ ಮಾತಾಡಿದರೆ ಟುಂಯ್ ಟುಂಯ್ ಅಂತ ಕೂಗಿ ಆಫ್. ಮಲ್ಟಿಮೀಟರ್ ಇದ್ದವರು ನೋಡಬಹುದು, ಆದರೆ ಸುಮ್ಮನೆ ತೆಗೆದು ಅಳೆದರೆ ಕೆಟ್ಟ ಸೆಲ್ಲೂ 1.3 ತೋರಿಸಿ ಮೋಸ ಮಾಡ್ತದೆ. ಐದು ನಿಮಿಷ ಮಾತಾಡಿದ ಮೇಲೆ ಅಳೆಯಿರಿ. 1 ವೋಲ್ಟಿನ ಹತ್ತಿರ ಇಳಿದಿದ್ದರೆ ಅದರ ಆಯುಷ್ಯ ಮುಗಿಯಿತು.

ಇಲ್ಲಿ ಒಂದು ತಪ್ಪನ್ನು ಯಾರೂ ಮಾಡಬಾರದು. ಗಡಿಯಾರಕ್ಕೆ, ಟಿವಿ ರಿಮೋಟಿಗೆ ಹಾಕುವ ಸಾದಾ ಸೆಲ್ ಇದಕ್ಕೂ ಅಳತೆಯಲ್ಲಿ ಸರಿಯಾಗಿ ಕೂರ್ತದೆ, ಫೋನ್ ಆನ್ ಕೂಡ ಆಗ್ತದೆ. ಆದರೆ ಸ್ಟ್ಯಾಂಡ್‌ನಲ್ಲಿ ಇಟ್ಟ ಕೂಡಲೇ ಚಾರ್ಜ್ ಆಗಲು ಶುರು. ಅದು ಚಾರ್ಜ್ ಮಾಡುವ ಸೆಲ್ಲೇ ಅಲ್ಲ. ಬಿಸಿಯಾಗಿ ಸೋರ್ತದೆ, ಒಡೆಯಲೂಬಹುದು. "ರೀಚಾರ್ಜೆಬಲ್, 1.2 ವೋಲ್ಟ್" ಅಂತ ಬರೆದದ್ದನ್ನೇ ತನ್ನಿ, ಎರಡನ್ನೂ ಒಟ್ಟಿಗೆ ಬದಲಿಸಿ. ಒಂದು ಹಳತು ಒಂದು ಹೊಸತು ಹಾಕಿದರೆ ಹಳತು ಹೊಸತನ್ನೂ ಹಾಳುಮಾಡ್ತದೆ. ಪ್ಯಾಕ್ ಆದರೆ ಕೆಂಪು, ಕಪ್ಪು ವಯರ್ ಕನೆಕ್ಟರಿನ ಯಾವ ಬದಿಯಲ್ಲಿದೆ ಅಂತ ಹಳೆಯದರ ಜೊತೆ ಇಟ್ಟು ನೋಡಿ. ಕನೆಕ್ಟರ್ ಒಂದೇ ಥರ ಇದ್ದು ವಯರ್ ಮಾತ್ರ ತಿರುಗಾ ಇರುವುದುಂಟು. ತೆಗೆದ ಹಳೇ ಸೆಲ್ಲನ್ನು ದಯಮಾಡಿ ತೋಟದ ಗೊಬ್ಬರದ ಗುಂಡಿಗೆ ಎಸೆಯಬೇಡಿ. ಹಳೇ ನಿಕಲ್ ಕ್ಯಾಡ್ಮಿಯಂ ಪ್ಯಾಕ್‌ನಲ್ಲಿರುವ ಕ್ಯಾಡ್ಮಿಯಂ ವಿಷ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಕಾರ್ಡ್‌ಲೆಸ್ ಟೆಲಿಫೋನಿನ ಹೆಸರೂ ಉಂಟು. ಅಂದರೆ ಪೂರ್ತಿ ಕೆಟ್ಟ ಫೋನ್ ಕೂಡ ಇ-ತ್ಯಾಜ್ಯ ತೆಗೆದುಕೊಳ್ಳುವವರ ಕೈಗೆ ಹೋಗಬೇಕು, ತೋಡಿಗೆ ಅಲ್ಲ.

ಸೆಲ್ ಹೊಸದಾದರೂ ಚಾರ್ಜ್ ಹಿಡಿಯದಿದ್ದರೆ ಹ್ಯಾಂಡ್‌ಸೆಟ್ಟಿನ ಬುಡದಲ್ಲಿರುವ ಎರಡು ಲೋಹದ ಚುಕ್ಕೆ ನೋಡಿ. ನಮ್ಮ ಕರಾವಳಿ ಬದಿಯ ತೇವಕ್ಕೆ ಅದು ಕಪ್ಪಾಗ್ತದೆ. ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಸ್ಟ್ಯಾಂಡಿನ ಸ್ಪ್ರಿಂಗ್ ಪಟ್ಟಿಯನ್ನೂ ಒರೆಸಿ. ಚೂರಿಯಿಂದ ಕೆರೆದರೆ ಮೇಲಿನ ಲೇಪ ಹೋಗಿ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ.

ಅಡಾಪ್ಟರ್ ಇನ್ನೊಂದು. ವರ್ಷವಿಡೀ ಪ್ಲಗ್‌ನಲ್ಲೇ ಇರುವ ಸಾಮಾನು ಅದು. ಬೇಸ್ ದೀಪ ಮಂಕಾಗಿದ್ದರೆ, ಮಾತಿನ ಹಿಂದೆ "ಗೂಂ" ಅಂತ ಒಂದೇ ಸಮ ಸದ್ದು ಇದ್ದರೆ ಅದರ ಮೇಲೆ ಸಂಶಯ ಪಡಿ. ಇದನ್ನು ಬಿಚ್ಚಬೇಡಿ, ಒಳಗೆ 230 ವೋಲ್ಟ್. ಬದಲಿಸಿದರೆ ಸಾಕು. ಹೊಸದು ತರುವಾಗ ಹಳೆಯದರ ಲೇಬಲ್ಲಿನ ಫೋಟೊ ತೆಗೆದುಕೊಂಡು ಹೋಗಿ. ವೋಲ್ಟ್ ಅದೇ ಇರಬೇಕು, ಎಸಿ-ಡಿಸಿ ಅದೇ ಇರಬೇಕು, ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಅದೂ ಅದೇ ಇರಬೇಕು. ಆಂಪಿಯರ್ ಮಾತ್ರ ಸ್ವಲ್ಪ ಹೆಚ್ಚಿದ್ದರೆ ತೊಂದರೆ ಇಲ್ಲ. "ಪಿನ್ ಕೂರ್ತದೆ ಅಲ್ವಾ, ನಡೀತದೆ" ಅನ್ನುವ ಅಂಗಡಿಯಿಂದ ಎದ್ದು ಬನ್ನಿ.

ಡಯಲ್ ಟೋನ್ ಇಲ್ಲ, ಕರಕರ ಸದ್ದು ಅಂದರೆ ತಪ್ಪು ಯಾರದು ಅಂತ ಮೊದಲು ತೀರ್ಮಾನ ಆಗಬೇಕು. ಅದಕ್ಕೆ ಅಟ್ಟದ ಮೇಲಿರುವ ಹಳೇ ವಯರ್ ಫೋನನ್ನು ಇಳಿಸಿ ಅದೇ ಲೈನಿಗೆ ಸಿಕ್ಕಿಸಿ. ಅದರಲ್ಲೂ ಕರಕರ ಇದ್ದರೆ ತಪ್ಪು ಲೈನಿನದ್ದು, ಟೆಲಿಫೋನಿನವರಿಗೆ ದೂರು ಕೊಡಿ. ಅದರಲ್ಲಿ ಚೆನ್ನಾಗಿ ಕೇಳಿದರೆ ತಪ್ಪು ನಿಮ್ಮ ಕಾರ್ಡ್‌ಲೆಸ್ಸಿನದ್ದು ಅಥವಾ ಅದರ ಲೈನ್ ವಯರಿನದ್ದು. ಲೈನ್ ವಯರ್ ಇಲಿ ಕಡಿದದ್ದು ನಾವೇ ಎರಡು ಮನೆಯಲ್ಲಿ ನೋಡಿದ್ದೇವೆ. ಈ ವಯರ್ ಮುಟ್ಟುವಾಗ ಗೋಡೆಯಿಂದ ಕಳಚಿ ಮುಟ್ಟಿ. ತಾಮ್ರದ ಲೈನಿನಲ್ಲಿ ಸುಮ್ಮನಿದ್ದಾಗ 48 ವೋಲ್ಟಿನಷ್ಟು ಇರ್ತದೆ, ರಿಂಗ್ ಬರುವಾಗ ಇನ್ನೂ ಹೆಚ್ಚು, ಕೈಗೆ ಚುರುಕ್ ಅಂತದೆ.

ಆ ಹಳೇ ವಯರ್ ಫೋನನ್ನು ಪುನಃ ಅಟ್ಟಕ್ಕೆ ಹಾಕಬೇಡಿ. ತಾಮ್ರದ ಲೈನ್ ಇರುವ ಮನೆಯಲ್ಲಿ ಅದು ಎಕ್ಸ್‌ಚೇಂಜಿನ ಕರೆಂಟಿನಲ್ಲೇ ನಡೀತದೆ, ನಿಮ್ಮ ಮನೆಯಲ್ಲಿ ಕರೆಂಟ್ ಹೋದರೂ ಮಾತಾಡಬಹುದು. ಕಾರ್ಡ್‌ಲೆಸ್ ಹಾಗಲ್ಲ, ಬೇಸಿಗೆ ಕರೆಂಟ್ ಇಲ್ಲದಿದ್ದರೆ ಹ್ಯಾಂಡ್‌ಸೆಟ್ ಫುಲ್ ಚಾರ್ಜ್ ಇದ್ದರೂ ಪ್ರಯೋಜನ ಇಲ್ಲ. ಫೈಬರ್ ಬಂದ ಮನೆಯಲ್ಲಿ ಲೆಕ್ಕ ಬೇರೆ, ಅಲ್ಲಿ ಫೈಬರ್ ಡಬ್ಬಿಗೂ ಕರೆಂಟ್ ಬೇಕು. ಇನ್ವರ್ಟರ್ ಇದ್ದರೆ ಟಿವಿಗೆ ಕೊಡುವ ಮೊದಲು ಆ ಡಬ್ಬಿ ಮತ್ತು ಫೋನ್ ಬೇಸಿಗೆ ಕೊಡಿ.

ಇನ್ನು ಸಿಡಿಲು. ನಮ್ಮ ಕಡೆ ಏಪ್ರಿಲ್-ಮೇಯಲ್ಲಿ, ಮತ್ತೆ ತುಲಾ ತಿಂಗಳಲ್ಲಿ ಹೊಡೆಯುವ ಸಿಡಿಲಿಗೆ ಹೋದ ಫೋನ್‌ಗಳು ಬೇರೆಯೇ ಜಾತಿ. ಹ್ಯಾಂಡ್‌ಸೆಟ್ ಆನ್ ಇರ್ತದೆ, ಬೇಸನ್ನು ಹಿಡಿಯುತ್ತದೆ, ಡಯಲ್ ಟೋನ್ ಮಾತ್ರ ಇಲ್ಲ. ಅಂದರೆ ಲೈನ್ ಒಳಬರುವ ಜಾಗದ ಸಣ್ಣ ಪಾರ್ಟ್ಸ್, ವೇರಿಸ್ಟರ್, ಡಯೋಡ್, ಇಂಥದ್ದು ಸುಟ್ಟಿರಬಹುದು. ಸೋಲ್ಡರಿಂಗ್ ಗೊತ್ತಿದ್ದವರಿಗೆ ಇದು ಕೆಲವೇ ರೂಪಾಯಿಯ ಸಾಮಾನು. ಗೊತ್ತಿಲ್ಲದವರು ಹಳೇ ರೇಡಿಯೋ, ಟಿವಿ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್‌ಗಳನ್ನು ಹುಡುಕಿ. ಬದಿಯಡ್ಕ, ಉಪ್ಪಳ, ಕುಂಬಳೆ ಯಾವ ಪೇಟೆಯ ಮೂಲೆಯಲ್ಲೂ ಅಂಥವರು ಒಬ್ಬರಾದರೂ ಸಿಕ್ಕಾರು. ಅವರು ಬಿಚ್ಚಿ ನೋಡ್ತಾರೆ. ಚಿಪ್ಪೇ ಸುಟ್ಟಿದ್ದರೆ ಅವರೇ "ಬಿಡಿ" ಅಂತಾರೆ, ಆಗ ಬಿಡಿ. ಎಲ್ಲವನ್ನೂ ಉಳಿಸ್ತೇವೆ ಅಂತ ಹಟ ಹಿಡಿದು ಹೊಸ ಫೋನಿನಷ್ಟೇ ಖರ್ಚು ಮಾಡುವುದು ಕೂಡ ಬುದ್ಧಿವಂತಿಕೆ ಅಲ್ಲ. ಗುಡುಗು ಶುರುವಾದರೆ ಕರೆಂಟ್ ಪ್ಲಗ್, ಲೈನ್ ವಯರ್ ಎರಡನ್ನೂ ಕಳಚಬೇಕು. ಒಂದೇ ಕಳಚಿದರೆ ಇನ್ನೊಂದರಿಂದ ಬರ್ತದೆ.

ಗುಂಡಿ ಒತ್ತಿದರೆ ಹಿಡಿಯದಿದ್ದರೆ, ನಮ್ಮ ಮಾತು ಆಚೆ ಕೇಳದಿದ್ದರೆ ಹೆಚ್ಚಾಗಿ ಕೊಳೆಯೇ ಕಾರಣ. ದೊಡ್ಡಮ್ಮನ ಫೋನಿನ ಮೈಕ್ ತೂತಿನಲ್ಲಿ ಎಲೆಯಡಿಕೆಯ ಸುಣ್ಣ ಇತ್ತು ಅಂದರೆ ನಗಬೇಡಿ. ಸೆಲ್ ಇಡುವ ಜಾಗದ ಸ್ಕ್ರೂ ತೆಗೆದು ಅಂಚಿನ ಕ್ಲಿಪ್ ಬಿಡಿಸಲು ಅವಧಿ ಮುಗಿದ ಎಟಿಎಂ ಕಾರ್ಡ್ ಒಳ್ಳೆಯ ಆಯುಧ (ಚಿಪ್ ಮತ್ತು ಕಪ್ಪು ಪಟ್ಟಿ ಕತ್ತರಿಸಿ ತೆಗೆದ ಮೇಲೆ ಉಳಿದ ತುಂಡು. ಬ್ಯಾಂಕಿನವರು ಹೇಳ್ತಿದ್ದೇವೆ, ಕೇಳಿ). ಒಳಗಿನ ರಬ್ಬರ್ ಹಾಳೆಯ ಕಪ್ಪು ಚುಕ್ಕೆ, ಕೆಳಗಿನ ಬೋರ್ಡು ಎರಡನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್ ಮುಟ್ಟಿಸಿದ ಬಟ್ಟೆಯಿಂದ ಮೆತ್ತಗೆ ಒರೆಸಿ, ಒಣಗಿದ ಮೇಲೆ ಮುಚ್ಚಿ.

ಇಷ್ಟೆಲ್ಲ ಸರಿಯಾದ ಮೇಲೂ ದೊಡ್ಡಮ್ಮನ ಪರದೆಯಲ್ಲಿ ಒಂದು ದಿನ ಏನೋ ಇಂಗ್ಲಿಷ್ ಅಕ್ಷರ ಬಂದು ನಿಂತಿತು. ಅವರು ಓದಲಿಲ್ಲ, ಪುನಃ ಸತ್ತಿತು ಅಂದುಕೊಂಡರು. ಅದು "ಸರ್ಚಿಂಗ್". ಹ್ಯಾಂಡ್‌ಸೆಟ್ ತನ್ನ ಬೇಸನ್ನು ಹುಡುಕುತ್ತಿತ್ತು, ಅಷ್ಟೇ. ಕೆಲಸದವರು ಗುಡಿಸುವಾಗ ಪ್ಲಗ್ ಸಡಿಲ ಆಗಿತ್ತು. ಇಂಥದ್ದಕ್ಕೆ ಪ್ಲಗ್ ನೋಡಬೇಕು, ಆಗದಿದ್ದರೆ ಬೇಸಿನ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದು ಹ್ಯಾಂಡ್‌ಸೆಟ್ಟಿನ ಮೆನುವಿನಲ್ಲಿ ರಿಜಿಸ್ಟರ್ ಮಾಡಬೇಕು. ಪಿನ್ ಕೇಳಿದರೆ ಹಲವು ಫೋನ್‌ಗಳಲ್ಲಿ 0000. ಇಷ್ಟು ಸಣ್ಣ ವಿಷಯ ಪುಸ್ತಿಕೆಯಲ್ಲಿ ಉಂಟು, ಆದರೆ ಯಾವ ಭಾಷೆಯಲ್ಲಿ? ಅವರ ಪುಸ್ತಿಕೆಯಲ್ಲಿ ಇಂಗ್ಲಿಷ್ ಉಂಟು, ಹಿಂದಿ ಉಂಟು. ಅಂಗಡಿಗೆ ಹೋದರೆ ಮಲಯಾಳದಲ್ಲಿ ಹೇಳ್ತಾರೆ. ಕನ್ನಡ ಮಾತ್ರ ಓದಲು ಬರುವ ದೊಡ್ಡಮ್ಮ ಎಲ್ಲಿಗೆ ಹೋಗಬೇಕು?

ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈಯಲ್ಲಿ ರಿಪೇರಿಯ ಹಕ್ಕಿಗೆ ಸಮಿತಿ ಮಾಡಿತು, ಅದೇ ಡಿಸೆಂಬರ್ 24ಕ್ಕೆ ಪೋರ್ಟಲ್ಲೂ ಬಂತು. ಒಳ್ಳೆಯದೇ. ಆದರೆ ರಿಪೇರಿಯ ಹಕ್ಕು ಅಂದರೆ ಪಾರ್ಟ್ಸ್ ಮಾತ್ರವಾ? ಓದಿ ಅರ್ಥ ಆಗುವ ನಾಲ್ಕು ಸಾಲು ಕೂಡ ಅದರಲ್ಲಿ ಸೇರಬೇಕು ಅಂತ ನಾವು ಹೇಳ್ತೇವೆ. ಅದು ಬರುವವರೆಗೆ ನಾವೇ ಬರೆಯಬೇಕು. ದೊಡ್ಡಮ್ಮನ ಬೇಸಿನ ಪಕ್ಕದ ಗೋಡೆಗೆ ಈಗ ಒಂದು ಕಾಗದ ಅಂಟಿಸಿದ್ದೇವೆ, ದಪ್ಪ ಅಕ್ಷರದಲ್ಲಿ:

"ಹಸಿರು ದೀಪ ಇಲ್ಲದಿದ್ದರೆ ಪ್ಲಗ್ ಒತ್ತಿ. ರಾತ್ರಿ ಫೋನನ್ನು ಸ್ಟ್ಯಾಂಡ್‌ನಲ್ಲೇ ಇಡಿ. ಗುಡುಗು ಬಂದರೆ ಎರಡು ವಯರ್ ತೆಗೆಯಿರಿ, ಮಳೆ ಬಿಟ್ಟ ಮೇಲೆ ಮರೆಯದೆ ಹಾಕಿ. ಸೆಲ್ ಹಾಕಿದ ದಿನ: ಆಗಸ್ಟ್ 11."

ಕೊನೆಯ ಸಾಲು ನಮಗೆ. ಮೊದಲ ಮೂರು ಅವರಿಗೆ, ಮತ್ತು ಅವರು ಅದನ್ನು ಓದಿ ಹೇಳುವ ಪಕ್ಕದ ಮನೆಯವರಿಗೆ. ಓಣಂ ರಜೆಗೋ ದೀಪಾವಳಿಗೋ ಊರಿಗೆ ಹೋಗುವವರು ಒಂದು ಜೊತೆ ಸೆಲ್, ಒಂದು ರಬ್ಬರ್, ಒಂದು ಸ್ಕೆಚ್ ಪೆನ್ ಚೀಲದಲ್ಲಿ ಹಾಕಿಕೊಳ್ಳಿ. ಮಡಕಶಿರಾ, ತಾಳವಾಡಿ, ಅಕ್ಕಲಕೋಟೆ ಕಡೆಯವರು ಅಂಟಿಸಿದ ಕಾಗದದ ಫೋಟೊ ಹಾಕಿದರೆ ನಮಗೂ ಖುಷಿ, ನಿಮ್ಮ ಕಡೆ ಪ್ಲಗ್ಗಿಗೆ ಏನಂತೀರಿ ಅಂತಲೂ ಗೊತ್ತಾಗ್ತದೆ.

ಬರುವ ಭಾನುವಾರ ನಾವು ತೋಡಿನ ಆಚೆಯ ಮನೆಗೆ ಹೋಗ್ತಿದ್ದೇವೆ. ಅವರದ್ದರಲ್ಲಿ 7ರ ಗುಂಡಿ ಹಿಡಿಯುವುದಿಲ್ಲವಂತೆ. ಮಗಳ ನಂಬರಿನಲ್ಲಿ ಮೂರು ಏಳು ಉಂಟಂತೆ.