ಆಫೀಸು ‘ಫ್ಯಾಮಿಲಿ’ ಆಗಿಬಿಟ್ಟರೆ ಓವರ್‌ಟೈಮ್ ಕೇಳೋದು ಯಾರನ್ನ?

“ನಮ್ಮ ಹುಡುಗಿಗೆ ಬೆಂಗಳೂರಲ್ಲಿ ಪಿ.ಆರ್. ಕಂಪನೀಲಿ ಕೆಲಸ ಸಿಕ್ತು” ಅಂದರೆ ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಮೊದಲು ಬರುವ ಪ್ರಶ್ನೆ, “ಅಂದ್ರೆ ಏನು ಕೆಲಸ?” ಟೀಚರ್ ಅಂದರೆ ಗೊತ್ತು, ಬ್ಯಾಂಕು ಅಂದರೆ ಗೊತ್ತು, ಸಾಫ್ಟ್‌ವೇರ್ ಅನ್ನೋದೂ ಈಗ ಅಭ್ಯಾಸವಾಗಿದೆ. ಪಿ.ಆರ್. ಅಂದರೆ ಪಿ.ಯು.ಸಿ. ಥರ ಯಾವುದೋ ಕೋರ್ಸ್ ಇರಬೇಕು ಅಂದುಕೊಂಡ ಅಜ್ಜಿಯರೂ ಇದ್ದಾರೆ. “ಸಾರ್ವಜನಿಕ ಸಂಪರ್ಕ ಕಣಜ್ಜಿ” ಅಂತ ಹುಡುಗಿ ಬಿಡಿಸಿ ಹೇಳಿದಳೋ, ಮುಗೀತು. “ಸಾರ್ವಜನಿಕರ ಸಂಪರ್ಕ ನಿನಗ್ಯಾಕಮ್ಮ?”

ಇಂಥ ಆಸ್ಪತ್ರೆಗೆ ಹೊಸ ಯಂತ್ರ ಬಂತು, ಇಂಥ ಚಿನ್ನದಂಗಡಿ ಹೊಸ ಶಾಖೆ ತೆರೆಯಿತು ಅಂತ ಪೇಪರಿನಲ್ಲಿ ಓದುತ್ತೀವಲ್ಲ, ಅಂಥ ಎಷ್ಟೋ ಸುದ್ದಿಯ ಹಿಂದೆ ಒಂದು ಪಿ.ಆರ್. ಕಂಪನಿ ಇರುತ್ತೆ. ಜಾಹೀರಾತಿನ ಹಾಗೆ ಪೇಪರಿನ ಜಾಗ ಕೊಳ್ಳದೆ, ಪತ್ರಕರ್ತರಿಗೆ ವಿಷಯ ತಲುಪಿಸಿ ಅದು ಸುದ್ದಿಯಾಗಿ ಬರುವಂತೆ ನೋಡಿಕೊಳ್ಳುವುದು ಇವರ ಕಸುಬು. ಹೊಸದೇನಲ್ಲ, ಭಾರತೀಯ ಸಾರ್ವಜನಿಕ ಸಂಪರ್ಕ ಸಂಸ್ಥೆ ಹುಟ್ಟಿದ್ದು 1958ರಲ್ಲಿ. ಹೊಸದು ಅಂದರೆ ನಮ್ಮ ಊರುಗಳ ಹೆಣ್ಣುಮಕ್ಕಳು ಅಲ್ಲಿಗೆ ಹೋಗುತ್ತಿರುವುದು. ಪತ್ರಿಕೋದ್ಯಮ ಓದಿ, ಒಳ್ಳೆಯ ಕನ್ನಡ, ಸುಮಾರಾದ ಇಂಗ್ಲಿಷ್ ಇಟ್ಟುಕೊಂಡ ಹುಡುಗಿ ಇವರಿಗೆ ಬೇಕೇ ಬೇಕು. ಇಂಗ್ಲಿಷಿನ ಪ್ರೆಸ್‌ನೋಟನ್ನು ಕನ್ನಡಕ್ಕೆ ತರೋರು ಬೇರೆ ಯಾರು?

ಈ ಕೆಲಸದಲ್ಲಿರುವ ನಮ್ಮ ಕಡೆಯ ಮೂರ್ನಾಲ್ಕು ಹುಡುಗಿಯರು ನನ್ನನ್ನ ‘ಅಕ್ಕ’ ಅಂತಾರೆ. ಹಬ್ಬಕ್ಕೆ ಬಂದಾಗ ಅಮ್ಮನ ಹತ್ತಿರ ಹೇಳದ್ದನ್ನ ಇಲ್ಲಿ ಹೇಳ್ತಾರೆ. ಪಿರಿಯಾಪಟ್ಟಣದ ಹುಡುಗಿಯ ದಿನ ಬೆಳಿಗ್ಗೆ ಆರೂವರೆಗೆ ಶುರು. ಎಲ್ಲ ಪೇಪರ್ ತಿರುವಿ ಹಾಕಿ, ತಮ್ಮ ಕ್ಲೈಂಟ್ ಹೆಸರು ಎಲ್ಲಿ ಬಂದಿದೆ ನೋಡಿ, ಒಂಬತ್ತರೊಳಗೆ ವರದಿ ಕಳಿಸಬೇಕು. ಆಮೇಲೆ ಪ್ರೆಸ್‌ನೋಟು, ಪ್ರೆಸ್‌ಮೀಟು. ಮಧ್ಯಾಹ್ನದಿಂದ “ಸಾರ್, ನಮ್ಮ ಪ್ರೆಸ್‌ನೋಟ್ ಸಿಕ್ತಾ?” ಅಂತ ಒಬ್ಬೊಬ್ಬ ವರದಿಗಾರರಿಗೂ ಫೋನು. ಅವರು ಪುಟ ಮುಗಿಸೋ ಅವಸರದಲ್ಲಿ ಗದರಿದರೆ ನಗಬೇಕು. ಸುದ್ದಿ ಬರಲಿಲ್ಲ ಅಂತ ಕ್ಲೈಂಟ್ ಕೂಗಿದರೂ ನಗಬೇಕು. ರಾತ್ರಿ ಹತ್ತೂವರೆಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಾಸ್ ಕೇಳ್ತಾರಂತೆ, “ಯಾರಾದರೂ ಎದ್ದಿದ್ದೀರಾ?” ಎದ್ದಿದ್ದೀನಿ ಅಂದವಳಿಗೆ ಕೆಲಸ, ಅನ್ನದವಳಿಗೆ ಮಾರನೇ ದಿನ ಮುಖ ಗಂಟು.

“ಇಷ್ಟಕ್ಕೆಲ್ಲ ಓವರ್‌ಟೈಮ್ ಕೊಡ್ತಾರಾ?” ಅಂದೆ. ಅವಳು ನಕ್ಕಳು. “ಅಯ್ಯೋ ಅಕ್ಕ, ನಮ್ಮ ಆಫೀಸಲ್ಲಿ ಹಾಗೆಲ್ಲ ಕೇಳೋಹಾಗಿಲ್ಲ. ನಾವೆಲ್ಲ ಒಂದೇ ಫ್ಯಾಮಿಲಿ ಅಂತಾರೆ.”

ಈ ಮಾತು ಕೇಳಿದಾಗ ನನ್ನ ಕಿವಿ ನೆಟ್ಟಗಾಯ್ತು. ಫ್ಯಾಮಿಲಿ ಅನ್ನೋ ಪದದ ಬೆಲೆ ಗೃಹಿಣಿಗೆ ಗೊತ್ತಿರುವಷ್ಟು ಬೇರೆ ಯಾರಿಗೆ ಗೊತ್ತು ಹೇಳಿ? ನಾವು ಬೆಳಿಗ್ಗೆಯಿಂದ ರಾತ್ರಿವರೆಗೆ ಮಾಡೋ ಕೆಲಸಕ್ಕೆ ಲೆಕ್ಕ ಇಲ್ಲದಿರೋದು ಅದೇ ಪದದಿಂದ ತಾನೆ? ಆದರೂ ಮನೆಯಲ್ಲಿ ನಾವು ದುಡಿದದ್ದು ಹೇಗೋ ಮನೆಗೇ ಸೇರುತ್ತೆ. ನಮ್ಮ ಕಡೆ ಹೊಗೆಸೊಪ್ಪು ಹದ ಮಾಡೋ ಕಾಲದಲ್ಲಿ ಮನೆ ಮಂದಿಯೆಲ್ಲ ಸರದಿಯ ಮೇಲೆ ರಾತ್ರಿಯಿಡೀ ಬ್ಯಾರನ್ನಿನ ಬೆಂಕಿ ಕಾಯ್ತಾರೆ. ಓವರ್‌ಟೈಮ್ ಯಾರೂ ಕೇಳಲ್ಲ. ಯಾಕೆಂದರೆ ಸೊಪ್ಪು ನಮ್ಮದು, ಹರಾಜು ಕಟ್ಟೆಯಲ್ಲಿ ಬರುವ ರೇಟೂ ನಮ್ಮದು. (ಆ ದುಡ್ಡು ಹೆಂಗಸರ ಕೈಗೆ ಎಷ್ಟು ಸೇರುತ್ತೆ ಅನ್ನೋದು ಬೇರೆ ವಿಷಯ, ಅದನ್ನು ಇನ್ನೊಂದು ಸಲ ಮಾತಾಡೋಣ.) ಪಿ.ಆರ್. ಆಫೀಸಿನಲ್ಲಿ ರಾತ್ರಿ ಕಾದವಳು ಇವಳು, ರೇಟು ಸೇರೋದು ಬಾಸಿಗೆ. ಕ್ಲೈಂಟುಗಳು ಸಾಮಾನ್ಯವಾಗಿ ತಿಂಗಳಿಗಿಷ್ಟು ಅಂತ ಗೊತ್ತುಮಾಡಿದ ಶುಲ್ಕ ಕೊಡ್ತಾರೆ. ಹುಡುಗಿ ಎಂಟು ಗಂಟೆ ಕೂತರೂ ಅಷ್ಟೇ, ಹದಿನಾಲ್ಕು ಗಂಟೆ ಕೂತರೂ ಅಷ್ಟೇ. ಒಬ್ಬಳ ತಲೆಗೆ ಎರಡರ ಬದಲು ನಾಲ್ಕು ಕ್ಲೈಂಟ್ ಕಟ್ಟಿದಷ್ಟೂ ಕಂಪನಿಗೆ ಲಾಭ. ಹೆಚ್ಚಿನ ದುಡಿಮೆಗೆ ದುಡ್ಡು ಕೊಡದೇ ಇರಲು ಒಂದು ಚಂದದ ಪದ ಬೇಕಲ್ಲ, ಅದೇ ಈ ‘ಫ್ಯಾಮಿಲಿ’.

ಎಲ್ಲ ಕಂಪನಿಯೂ ಹೀಗೇ ಅಂತ ನಾನು ಹೇಳ್ತಿಲ್ಲ. ಕೆ.ಆರ್. ನಗರದಿಂದ ದಿನಾ ಮೈಸೂರಿಗೆ ಓಡಾಡುವ ಒಬ್ಬಳು ಚಿಕ್ಕ ಏಜೆನ್ಸಿಯಲ್ಲಿದ್ದಾಳೆ, ಒಟ್ಟು ಆರೇ ಜನ. 2023ರ ಜೂನ್‌ನಲ್ಲಿ ‘ಶಕ್ತಿ’ ಯೋಜನೆ ಬಂದಮೇಲೆ ಬಸ್ ಚಾರ್ಜೂ ಉಳೀತು. ಅವಳ ಮೇಡಮ್ ಸಂಜೆ ಆರಾದರೆ “ನಿನ್ನ ಬಸ್ಸಿಗೆ ಹೊತ್ತಾಯ್ತು, ಹೊರಡು” ಅಂತಾರೆ. ನಾಲ್ಕು ಜನರೆದುರು ಬಾಯಿ ಬಿಡದ ಹುಡುಗಿ ಈಗ ಪ್ರೆಸ್‌ಮೀಟ್ ನಿಭಾಯಿಸ್ತಾಳೆ. ಕೆಲಸ ಒಳ್ಳೆಯದೇ, ಗದ್ದಲ ಇರೋದು ಅದನ್ನು ನಡೆಸೋ ರೀತಿಯಲ್ಲಿ.

ಎಚ್.ಡಿ. ಕೋಟೆ ಹುಡುಗಿಯ ಕಥೆ ಬೇರೆ. ಕಬಿನಿ ಹಿನ್ನೀರಿನ ಹತ್ತಿರ ಒಂದು ಕಡೆ ಕ್ಲೈಂಟಿನ ಎರಡು ದಿನದ ಕಾರ್ಯಕ್ರಮ. “ನಿಮ್ಮೂರ ಪಕ್ಕಾನೇ ಅಲ್ವಾ” ಅಂತ ಇವಳನ್ನೇ ಕಳಿಸಿದರು. ರಾತ್ರಿ ಊಟದ ಹೊತ್ತಿಗೆ ಕ್ಲೈಂಟ್ ಕಡೆಯ ಒಬ್ಬ ಹಿರಿಯ ಮೈಮೇಲೆ ಬೀಳುವಂತೆ ಮಾತಾಡಿದ. ಮ್ಯಾನೇಜರಿಗೆ ಹೇಳಿದರೆ, “ದೊಡ್ಡ ಕ್ಲೈಂಟ್ ಕಣಮ್ಮ, ಅದು ಆಫೀಸಲ್ಲಿ ಆಗಿದ್ದೂ ಅಲ್ಲ, ಬಿಟ್ಟುಬಿಡು” ಅಂದರಂತೆ.

ಇದು ತಪ್ಪು ಮಾಹಿತಿ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಕೆಲಸದ ಸಲುವಾಗಿ ಹೋದ ಜಾಗವೆಲ್ಲ ಕೆಲಸದ ಸ್ಥಳವೇ. ಹೋಟೆಲ್, ರೆಸಾರ್ಟ್, ಕಂಪನಿ ಕೊಟ್ಟ ಕಾರು ಕೂಡ. ಟ್ರೇನಿಗೂ, ಕಾಂಟ್ರಾಕ್ಟ್ ಮೇಲಿರೋಳಿಗೂ ಇದು ಅನ್ವಯ.

ಆದರೆ ಅವಳು ಇದನ್ನ ಮನೆಯಲ್ಲಿ ಹೇಳಲಿಲ್ಲ. ಊರು ಅಷ್ಟು ಹತ್ತಿರದಲ್ಲಿದ್ದೂ ಅಮ್ಮನಿಗೆ ಒಂದು ಫೋನ್ ಮಾಡಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರವನ್ನ ನಾವೆಲ್ಲ ಕೇಳಿಸಿಕೊಳ್ಳಬೇಕು. “ಹೇಳಿದ್ರೆ ಅಪ್ಪ ಮಾರನೇ ದಿನ ಬಂದು ಗಂಟುಮೂಟೆ ಕಟ್ಟಿಸ್ತಿದ್ರು. ಆಮೇಲೆ ಗಂಡು ನೋಡೋಕೆ ಶುರು. ಅದಕ್ಕಿಂತ ಸುಮ್ಮನಿರೋದೇ ವಾಸಿ ಅಲ್ವಾ ಅಕ್ಕ?”

ನೋಡಿ, ನಮ್ಮ ಮನೆಗಳಲ್ಲಿ ಎರಡೇ ಉತ್ತರ ಇರೋದು. ಒಂದು, “ಎಲ್ಲಾ ಕಡೆ ಇದ್ದದ್ದೇ, ಸ್ವಲ್ಪ ಅಡ್ಜಸ್ಟ್ ಮಾಡ್ಕೊ.” ಇನ್ನೊಂದು, “ಸಾಕು, ಬಿಟ್ಟು ಬಾ.” ಎರಡೂ ಹುಡುಗಿಯ ಬಾಯಿ ಮುಚ್ಚಿಸುತ್ತವೆ. ಬಾಸಿಗೂ ಇದು ಗೊತ್ತು. ಮನೆಗೆ ಹೇಳಲಾರದ ಹುಡುಗಿಗಿಂತ ಸುಲಭವಾಗಿ ದುಡಿಸಿಕೊಳ್ಳಬಹುದಾದ ಆಳು ಇನ್ಯಾರು?

ಜಪಾನಿನ ಡೆಂಟ್ಸು ಜಾಹೀರಾತು, ಪಿ.ಆರ್. ಎರಡೂ ಮಾಡುವ ದೈತ್ಯ ಕಂಪನಿ. ಅಲ್ಲಿ ಕೆಲಸಕ್ಕೆ ಸೇರಿ ವರ್ಷವೂ ತುಂಬದ 24ರ ಹುಡುಗಿ ಮತ್ಸುರಿ ತಕಹಾಶಿ 2015ರ ಡಿಸೆಂಬರ್‌ನಲ್ಲಿ ಜೀವ ಕಳೆದುಕೊಂಡಳು. ಒಂದು ತಿಂಗಳಲ್ಲಿ 100 ಗಂಟೆಗೂ ಮೀರಿ ಹೆಚ್ಚುವರಿ ದುಡಿದಿದ್ದಳು. ಅತಿ ದುಡಿಮೆಯೇ ಕಾರಣ ಅಂತ ಅಲ್ಲಿನ ಕಾರ್ಮಿಕ ಅಧಿಕಾರಿಗಳು ಒಪ್ಪಿದರು. ಕಾನೂನು ಮೀರಿ ಸಿಬ್ಬಂದಿಯನ್ನು ದುಡಿಸಿಕೊಂಡದ್ದಕ್ಕೆ 2017ರಲ್ಲಿ ಕೋರ್ಟು ಕಂಪನಿಗೆ 5 ಲಕ್ಷ ಯೆನ್ ದಂಡ ಹಾಕಿತು. ಆಗಿನ ನಮ್ಮ ಲೆಕ್ಕದಲ್ಲಿ ಸುಮಾರು 3 ಲಕ್ಷ ರೂಪಾಯಿ! ಪುಣೆಯಲ್ಲಿ ಲೆಕ್ಕಪತ್ರದ ದೊಡ್ಡ ಕಂಪನಿಯೊಂದರಲ್ಲಿದ್ದ 26ರ ಕೇರಳದ ಹುಡುಗಿ 2024ರ ಜುಲೈನಲ್ಲಿ ತೀರಿಕೊಂಡಾಗ, ಕೆಲಸದ ಹೊರೆಯೇ ಕಾರಣ ಅಂತ ಅವಳ ತಾಯಿ ಕಂಪನಿಯ ಮುಖ್ಯಸ್ಥರಿಗೆ ಪತ್ರ ಬರೆದರು. ಕಂಪನಿ ಒಪ್ಪಲಿಲ್ಲ. ಜಪಾನಿನಲ್ಲೂ ಮುಂದೆ ನಿಂತು ಮಾತಾಡಿದ್ದು ತಾಯಿಯೇ. ಆದರೆ ಇಬ್ಬರು ತಾಯಂದಿರೂ ಮಾತಾಡಿದ್ದು ಮಗಳನ್ನು ಕಳೆದುಕೊಂಡ ಮೇಲೆ.

ವಾರಕ್ಕೆ 70 ಗಂಟೆ ದುಡೀಬೇಕು ಅಂತ 2023ರಲ್ಲಿ ನಾರಾಯಣ ಮೂರ್ತಿಯವರು ಹೇಳಿದಾಗ ನಮ್ಮ ಬೀದಿಯ ಗಂಡಸರೆಲ್ಲ ತಲೆದೂಗಿದ್ದರು. ಅವರ ಅಂಗಿ ಒಗೆಯೋರ ಗಂಟೆಗಳನ್ನ ಯಾರೂ ಕೂಡಿಸಲಿಲ್ಲ ಬಿಡಿ.

ಹಾಗಾದರೆ ಅಮ್ಮ ಏನು ಮಾಡಬೇಕು? ಫೋನಿನಲ್ಲಿ “ಊಟ ಆಯ್ತಾ?” ಜೊತೆಗೆ “ಎಷ್ಟೊತ್ತಿಗೆ ಬಿಟ್ಟರು, ಹೇಗೆ ಬಂದೆ?” ಅಂತಲೂ ಕೇಳಿ. ಅಪಾಯಿಂಟ್‌ಮೆಂಟ್ ಲೆಟರ್ ಕೊಟ್ಟಿದ್ದಾರಾ, ಸಂಬಳದ ಚೀಟಿ ಬರುತ್ತಾ, ಪಿ.ಎಫ್. ಕಟ್ಟುತ್ತಾರಾ ಕೇಳಿ. ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಲ್ಲೇ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅಂತ ಮಿತಿ ಹಾಕಿ, ಮೀರಿದ್ದಕ್ಕೆ ಎರಡು ಪಟ್ಟು ಕೂಲಿ ಅಂದಿತ್ತು. ರಾತ್ರಿಯ ಮೆಸೇಜುಗಳನ್ನು ಅಳಿಸದೆ ಇಟ್ಟುಕೋ ಅಂತ ಹೇಳಿ. ಮುಂದೆ ಕೈಯಲ್ಲಿರೋ ಪುರಾವೆ ಅದೊಂದೇ ಆಗಬಹುದು.

ಮುಖ್ಯವಾಗಿ, “ಏನೇ ಆದರೂ ಹೇಳು, ಕೆಲಸ ಬಿಡು ಅಂತ ನಾನಾಗಿ ಅನ್ನಲ್ಲ” ಅಂತ ಮೊದಲೇ ಮಾತು ಕೊಡಿ. ಅಪ್ಪನನ್ನು ಸಮಾಧಾನ ಮಾಡೋ ಜವಾಬ್ದಾರಿಯೂ ನಮ್ಮದೇ. ಅದು ನಮಗೆ ಹೊಸದೇನಲ್ಲವಲ್ಲ.

ಕಿರುಕುಳದ ವಿಷಯ ಬಂದರೆ ತಡ ಬೇಡ, ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಅವಕಾಶ ಕೊಡಬಹುದು. ಹತ್ತು ಜನ ಅಥವಾ ಹೆಚ್ಚು ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಅದರ ಅಧ್ಯಕ್ಷೆ ಹೆಂಗಸೇ ಆಗಿರಬೇಕು. ಆರು ಜನರ ಆಫೀಸಾದರೆ, ಇಲ್ಲವೇ ದೂರು ಮಾಲೀಕರ ಮೇಲೇ ಆದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ದೂರು ತೆಗೆದುಕೊಂಡು ಏಳು ದಿನದಲ್ಲಿ ಆ ಸಮಿತಿಗೆ ಮುಟ್ಟಿಸಲು ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿ ಇರಬೇಕು ಅಂತಲೂ ಕಾಯ್ದೆ ಹೇಳುತ್ತೆ. ಮುಂದಿನ ಸಲ ತಾಲ್ಲೂಕು ಕಚೇರಿಯ ಕಡೆ ಹೋದಾಗ, ನಮ್ಮ ತಾಲ್ಲೂಕಿಗೆ ಅವರು ಯಾರು, ಎಲ್ಲಿ ಕೂರ್ತಾರೆ ಅಂತ ವಿಚಾರಿಸಿ ಬನ್ನಿ.