ನೂಕುನುಗ್ಗಲಲ್ಲಿ ಉಳಿದ ಜೋಡಿಗಳು: ಬೆಂಗಳೂರಿನ ಕಣ್ಣಿಗೆ ಕಂಡದ್ದೇನು?

ನಮ್ಮ ಶಿರ್ತಾಡಿಯಲ್ಲಿ ಫೆಬ್ರವರಿ ರಾತ್ರಿ ಕರೆಂಟು ಹೋದರೆ ಅಡಿಕೆ ತೋಟದ ಮೇಲೆ ಆಕಾಶ ಚೆನ್ನಾಗೇ ಕಾಣುತ್ತದೆ. ಕರ್ಕಾಟಕ ರಾಶಿಯ ಕಡೆ ಒಂದು ಬೈನಾಕ್ಯುಲರ್ ತಿರುಗಿಸಿದರೆ ಎಂ67 ಎಂಬ ಮಸುಕು ಚುಕ್ಕೆ ಸಿಗುತ್ತೆ. ಸುಮಾರು 400 ಕೋಟಿ ವರ್ಷದ ಹಳೇ ನಕ್ಷತ್ರ ಗುಚ್ಛ. ಅಲ್ಲಿರುವವರೆಲ್ಲ ಹೆಚ್ಚುಕಮ್ಮಿ ಒಂದೇ ವಯಸ್ಸಿನವರು. ಆದರೂ ಕೆಲವು ನಕ್ಷತ್ರಗಳು ವಯಸ್ಸು ಮುಚ್ಚಿಟ್ಟವರ ಹಾಗೆ ನೀಲಿಯಾಗಿ, ಬಿಸಿಯಾಗಿ ಹೊಳೀತಿವೆ. ಇಂಥವನ್ನು ಎಂ3 ಎಂಬ ಇನ್ನೊಂದು ಗುಚ್ಛದಲ್ಲಿ ಅಲನ್ ಸ್ಯಾಂಡೇಜ್ ಗುರುತಿಸಿದ್ದು 1953ರಲ್ಲಿ. ಹೆಸರು 'ಬ್ಲೂ ಸ್ಟ್ರಾಗ್ಲರ್'.

ಇವಕ್ಕೆ ಯೌವನ ಬಂದದ್ದೆಲ್ಲಿಂದ? ಬಹುಪಾಲು ಜೊತೆಗಾರನಿಂದ.

ಜಾತ್ರೆಯ ಗೌಜಿಯಲ್ಲಿ ಬೆರಳ ತುದಿ ಹಿಡಿದವರು ಬೇಗ ಬೇರೆಯಾಗ್ತಾರೆ, ತೋಳು ಬಿಗಿದು ನಡೆದವರು ಉಳೀತಾರೆ. ಗುಚ್ಛದಲ್ಲೂ ಅಷ್ಟೆ. ದೂರದೂರ ಸುತ್ತುವ ಸಡಿಲ ಜೋಡಿಯ ಪಕ್ಕ ಮೂರನೇ ನಕ್ಷತ್ರ ಹಾದುಹೋದರೆ ಜೋಡಿ ಇನ್ನಷ್ಟು ಸಡಿಲವಾಗಿ ಕೊನೆಗೆ ಒಡೆಯುತ್ತೆ. ಬಿಗಿ ಜೋಡಿಯಾದರೆ ಉಲ್ಟಾ: ಬಂದವನಿಗೇ ಒಂದಿಷ್ಟು ಶಕ್ತಿ ಕೊಟ್ಟು ಜೋರಾಗಿ ಓಡಿಸುತ್ತೆ, ತಾನು ಮತ್ತೂ ಹತ್ತಿರವಾಗುತ್ತೆ. ಹೆಗ್ಗಿ ಮತ್ತು ಹಿಲ್ಸ್ 1975ರಲ್ಲೇ ತೋರಿಸಿದ ಲೆಕ್ಕ ಇದು. ಗುಚ್ಛದ ನಡುಭಾಗ ತನ್ನ ಮೇಲೆ ತಾನೇ ಕುಸಿಯದಂತೆ ತಡೆಯುವುದೂ ಹೀಗೆ ಸಿಗುವ ಶಕ್ತಿಯೇ. ಕೆಲವೊಮ್ಮೆ ಬಂದವನು ಭಾರದವನಾದರೆ ಜೋಡಿಯ ಹಗುರ ನಕ್ಷತ್ರವನ್ನು ಹೊರದಬ್ಬಿ ತಾನೇ ಆ ಜಾಗದಲ್ಲಿ ಕೂರೋದೂ ಉಂಟು. (ರಾಜಕೀಯ ಓದುವವರಿಗೆ ಇದನ್ನು ವಿವರಿಸಬೇಕಿಲ್ಲ.)

ಇಷ್ಟು ಹತ್ತಿರ ಬಂದ ಜೋಡಿಯಲ್ಲಿ ಒಂದು ಮುದಿಯಾಗಿ ಉಬ್ಬಿದಾಗ ಅದರ ಹೊರಪದರ ಇನ್ನೊಂದಕ್ಕೆ ಹರಿಯುತ್ತೆ. ಪಡೆದದ್ದು ನೀಲಿಯಾಗುತ್ತೆ. ಕೊಟ್ಟದ್ದು ಸವೆದು ಬಿಸಿ ತಿರುಳಾಗಿ ಉಳಿಯುತ್ತೆ. ಆ ತಿರುಳು ಮಾಮೂಲಿ ಬೆಳಕಲ್ಲಿ ಕಾಣೋದೇ ಇಲ್ಲ, ನೇರಳಾತೀತ ಕಣ್ಣು ಬೇಕು.

ಆ ಕಣ್ಣು ನಮ್ಮ ರಾಜ್ಯದ್ದೇ. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್‌ನ ಯುವಿಐಟಿ ದೂರದರ್ಶಕ ರೂಪುಗೊಂಡದ್ದು ಭಾರತೀಯ ಖಭೌತ ಸಂಸ್ಥೆಯ ಹೊಸಕೋಟೆ ಕ್ಯಾಂಪಸ್ಸಿನಲ್ಲಿ. 2016ರಲ್ಲಿ ಅನ್ನಪೂರ್ಣಿ ಸುಬ್ರಮಣಿಯಂ ಮತ್ತು ಸಂಗಡಿಗರು ಎನ್‌ಜಿಸಿ 188 ಗುಚ್ಛದ ಒಂದು ಬ್ಲೂ ಸ್ಟ್ರಾಗ್ಲರ್ ಪಕ್ಕ ಬಿಸಿ ಜೊತೆಗಾರನನ್ನು ಹಿಡಿದರು. 2019ರಲ್ಲಿ ಎಂ67ರಲ್ಲಿ ಇನ್ನೂ ಒಳ್ಳೇ ಬೇಟೆ: ಸುಮಾರು ನಾಲ್ಕು ದಿನಕ್ಕೊಮ್ಮೆ ಸುತ್ತುವ ಜೋಡಿಯಲ್ಲಿ ಸೂರ್ಯನ ಐದನೇ ಒಂದು ಭಾಗದಷ್ಟೇ ತೂಕದ ಶ್ವೇತಕುಬ್ಜ. ಒಂಟಿ ನಕ್ಷತ್ರ ಇಷ್ಟು ಹಗುರ ಶ್ವೇತಕುಬ್ಜವಾಗಲು ವಿಶ್ವದ ವಯಸ್ಸೇ ಸಾಲದು. ಅಂದರೆ ಯಾರೋ ಅದರ ಹೊರಪದರ ಎಳೆದುಕೊಂಡಿದ್ದಾರೆ. ಪಕ್ಕದಲ್ಲೇ ಇದ್ದಾರೆ!

ನನ್ನ ತಕರಾರು ಈಗ ಶುರು. ಐದು ವರ್ಷಕ್ಕೆಂದು ಕಟ್ಟಿದ ಈ ಉಪಗ್ರಹದ ಮೂರು ಕಣ್ಣುಗಳಲ್ಲಿ ಸಮೀಪ ನೇರಳಾತೀತದ್ದು 2018ರಲ್ಲೇ ಮುಚ್ಚಿತು. ಮುಂದಿನ ದೂರದರ್ಶಕ 'ಇನ್‌ಸಿಸ್ಟ್' ವರ್ಷಗಳಿಂದ ಪ್ರಸ್ತಾಪದ ಹೆಸರಲ್ಲೇ ಓಡಾಡ್ತಿದೆ. ರಾಕೆಟ್ ಹಾರಿದ ದಿನ ಟ್ವೀಟ್ ಮಾಡುವ ಪಕ್ಷಗಳ ಪ್ರಣಾಳಿಕೆಯಲ್ಲಿ ಇಂಥದಕ್ಕೆ ಒಂದು ಸಾಲು ಕಂಡಿದ್ದೀರಾ? ಇತ್ತ ನಮ್ಮ ಮೂಡುಬಿದಿರೆ ಪಿಯು ವಿಜ್ಞಾನಕ್ಕೆ ಹೆಸರುವಾಸಿ. ರಾಜ್ಯದ ಮೂಲೆಮೂಲೆಯಿಂದ ಮಕ್ಕಳು ಬರ್ತಾರೆ, ನೀಟ್, ಜೆಇಇ ಅಂತ ಹೋಗ್ತಾರೆ. ನಾನೂ ಆ ಬಸ್ಸಲ್ಲೇ ಹೋದವ. ಭೌತಶಾಸ್ತ್ರ ಅಂದರೆ ಆಯ್ಕೆಯ ಉತ್ತರ ಅಂತಲೇ ನಂಬಿದ್ದೆ.

ಆಸ್ಟ್ರೋಸ್ಯಾಟ್ ದತ್ತಾಂಶ 2018ರಿಂದ ಸಾರ್ವಜನಿಕ. ಬ್ಯಾಲಾಳಿನ ಇಸ್ರೋ ಕೇಂದ್ರದ ಭಂಡಾರದಲ್ಲಿದೆ, ನೋಂದಾಯಿಸಿದರೆ ಇಳಿಸಿಕೊಳ್ಳಬಹುದು. ಕಳೆದ ತಿಂಗಳು ಎಂ67ರ ಒಂದು ಕಡತ ಇಳಿಸಿದೆ. ನಮ್ಮೂರ ನೆಟ್ಟಿಗೆ ಅದು ಇಡೀ ರಾತ್ರಿಯ ಕೆಲಸ.