ಸರ್ವರ್ ಗಡಿಯಾರಕ್ಕೂ ಮುದ್ರೆ ಬೇಕು

ನಮ್ಮ ವರ್ತಕರು ತಕ್ಕಡಿಗೂ ತೂಕದ ಕಲ್ಲುಗಳಿಗೂ ಕಾಲಕಾಲಕ್ಕೆ ಮುದ್ರೆ ಹಾಕಿಸುತ್ತಾರೆ. ಆದರೆ ಬಿಲ್ಲು, ದಾಸ್ತಾನು, ಪಾವತಿಗಳ ಮೇಲೆ ದಿನಾಂಕ ಮತ್ತು ವೇಳೆಯನ್ನು ಒತ್ತುವ ಸರ್ವರ್ ಗಡಿಯಾರವನ್ನು ಪರೀಕ್ಷಿಸುವವರು ವಿರಳ. ಬಾಡಿಗೆಯ ವರ್ಚುಯಲ್ ಸರ್ವರ್‌ನಲ್ಲಿ ಲೆಕ್ಕಪತ್ರವಿಡುವ ಪದ್ಧತಿ ಸಣ್ಣ ಉದ್ದಿಮೆಗಳಿಗೂ ಹಬ್ಬಿರುವಾಗ ಈ ಉದಾಸೀನ ಸಲ್ಲದು.

ವರ್ಚುಯಲ್ ಸರ್ವರ್ ಸ್ವತಂತ್ರ ಯಂತ್ರವಲ್ಲ. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುವ ಏರ್ಪಾಡು. ಸರದಿಗಾಗಿ ಕಾಯುವಾಗ ಅದರ ಗಡಿಯಾರದ ಮಿಡಿತಗಳು ತಪ್ಪಿಹೋಗಬಹುದು. ಅದನ್ನು ಸ್ಥಗಿತಗೊಳಿಸಿ ಪುನಃ ಚಾಲನೆ ಮಾಡಿದಾಗ ನಿಂತ ವೇಳೆಯಿಂದಲೇ ಎಣಿಕೆ ಮುಂದುವರಿಯುವ ಸಂಭವವೂ ಉಂಟು. ಮೂಲ ಯಂತ್ರದ ಸ್ಫಟಿಕವೂ ದೋಷಮುಕ್ತವಲ್ಲ: ದಶಲಕ್ಷಕ್ಕೆ 20 ಭಾಗದ ವ್ಯತ್ಯಾಸವಿದ್ದರೆ ದಿನಕ್ಕೆ ಸುಮಾರು 1.7 ಸೆಕೆಂಡು, ತಿಂಗಳಿಗೆ ಸುಮಾರು 52 ಸೆಕೆಂಡು ತಪ್ಪುತ್ತದೆ.

ಇಷ್ಟರಿಂದ ನಷ್ಟವೇನು ಎಂದು ಕೇಳಬಹುದು. ಪ್ರವೇಶಕ್ಕಾಗಿ ಮೊಬೈಲ್ ಆ್ಯಪ್ ತೋರಿಸುವ ಸಂಕೇತಗಳು ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತವೆ. ಸರ್ವರ್ ಗಡಿಯಾರ ಹಿಂದುಳಿದರೆ ಸರಿಯಾದ ಸಂಕೇತವೂ ತಿರಸ್ಕೃತವಾದೀತು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕಪತ್ರ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕಸಹಿತ ದಾಖಲಿಸಬೇಕು. ಆ ದಿನಾಂಕವೇ ಸಂಶಯಾಸ್ಪದವಾದರೆ ವ್ಯಾಜ್ಯದ ಸಮಯದಲ್ಲಿ ಪ್ರಾಮಾಣಿಕ ವರ್ತಕನೂ ಉತ್ತರಿಸಲಾಗದೆ ನಿಲ್ಲಬೇಕಾಗುತ್ತದೆ.

ಇನ್ನೊಂದು ತೊಡಕು ಕಾಲವಲಯದ್ದು. ಸರ್ವರ್ ಅಂತರರಾಷ್ಟ್ರೀಯ ಪ್ರಮಾಣಕಾಲದಲ್ಲಿದ್ದು ತಂತ್ರಾಂಶ ಅದನ್ನು ಪರಿವರ್ತಿಸದಿದ್ದರೆ ಐದೂವರೆ ಗಂಟೆ ಹಿಂದಿರುತ್ತದೆ. ಏಪ್ರಿಲ್ 1ರ ಮುಂಜಾನೆ 5ರ ಬಿಲ್ಲು ಮಾರ್ಚ್ 31ರದೆಂದು, ಅಂದರೆ ಹಿಂದಿನ ಆರ್ಥಿಕ ವರ್ಷದ್ದೆಂದು ದಾಖಲಾಗುತ್ತದೆ.

ಪರಿಹಾರ ದುಬಾರಿಯಲ್ಲ. ಜಾಲದ ಮೂಲಕ ವೇಳೆ ಹೊಂದಿಸುವ ಎನ್‌ಟಿಪಿ ಕ್ರಮ 1985ರಿಂದ ಬಳಕೆಯಲ್ಲಿದೆ. ಅದನ್ನು ನಿರ್ವಹಿಸುವ ಕ್ರೋನಿಯಂತಹ ತಂತ್ರಾಂಶಗಳು ಉಚಿತ. ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತಶಾಸ್ತ್ರ ಪ್ರಯೋಗಾಲಯದ ಕಾಲಕ್ಕೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡ ಮೂಲಕ್ಕೆ, ಗಡಿಯಾರ ಹೊಂದಿಸಬೇಕೆಂದು ವಿಧಿಸಿದೆ. ಎರಡು ಎಚ್ಚರಿಕೆಗಳು ಅವಶ್ಯ. ಮೂಲ ಯಂತ್ರದ ಹೊಂದಾಣಿಕೆ ಮತ್ತು ಎನ್‌ಟಿಪಿ ಎರಡೂ ಏಕಕಾಲಕ್ಕೆ ಗಡಿಯಾರವನ್ನು ತಿದ್ದತೊಡಗಿದರೆ ಒಂದು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಎಳೆದಾವು, ಒಂದನ್ನೇ ಆರಿಸಿಕೊಳ್ಳಬೇಕು. ವ್ಯವಹಾರ ನಡೆಯುತ್ತಿರುವಾಗ ವೇಳೆಯನ್ನು ಥಟ್ಟನೆ ಹಿಂದಕ್ಕೆ ತಿರುಗಿಸಿದರೆ ನಂತರದ ಬಿಲ್ಲಿಗೆ ಮುಂಚಿನ ವೇಳೆ ಬೀಳುತ್ತದೆ. ನಿಧಾನವಾಗಿ ಸರಿಹೊಂದಿಸುವುದೇ ಕ್ಷೇಮ.

ಇದು ಸೇವಾದಾತರ ಕೆಲಸವೆಂದು ಕೈಕಟ್ಟಿ ಕೂರುವುದು ಸರಿಯಲ್ಲ. ಬಾಡಿಗೆದಾರನ ಸರ್ವರ್‌ನ ಒಳಗಿನ ವ್ಯವಸ್ಥೆ ಬಹುಮಟ್ಟಿಗೆ ಬಾಡಿಗೆದಾರನ ಹೊಣೆಯೇ. ವೇಳೆಯ ಮೂಲ ಯಾವುದು, ಪರಿಶೀಲಿಸುವವರು ಯಾರು ಎಂಬುದನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ. ತಿಂಗಳಿಗೊಮ್ಮೆ ವ್ಯತ್ಯಾಸವನ್ನು ದಾಖಲಿಸಿಡಿ. ತೂಕದಲ್ಲಿ ಗುಲಗಂಜಿಯಷ್ಟೂ ತಪ್ಪಬಾರದೆನ್ನುವ ವರ್ತಕ ಸಮುದಾಯ ಕಾಲದಲ್ಲಿ ತಪ್ಪುವುದು ಶೋಭೆಯಲ್ಲ.